ಬೊಂಬಾಯಿ ಪೈಂಟರ ಎಣ್ಣೆಯಿಲ್ಲದ ತಲೆ

ಸಾವಿನ ಸುದ್ದಿ ಒಂದು ತಿಂಗಳು ತಡವಾಗಿ ಬಂತು. ಕುಂದಾಪುರದಿಂದ ಬಂದ ನಾದಿನಿ ಊಟ ಮುಗಿಸಿ, ವೀಳ್ಯದೆಲೆಯ ತೊಟ್ಟು ಮುರಿಯುತ್ತ, "ಅತ್ಗಿ, ಬೊಂಬಾಯಿ ಪೈಂಟ್ರ್ ಹೋದ್ರಂಬ್ರ್. ನಿಮ್ಗೆ ಗೊತ್ತಾಯ್ಲಿಲ್ಯಾ?" ಎಂದಳು. ನಾನು ಆಗ ಊಟದ ಮೇಜು ಒರೆಸುತ್ತಿದ್ದೆ. ಕೈ ನಿಂತಿತು. ಆಮೇಲೆ ಒರೆಸುವ ಬಟ್ಟೆಯನ್ನು ಅಂಗೈಯಡಿ ಚಪ್ಪಟೆಯಾಗಿ ಹರಡಿ, ಕಣ್ಣು ಮುಚ್ಚಿ, ಮೇಜಿನ ಈ ತುದಿಯಿಂದ ಆ ತುದಿಗೆ ಮೆಲ್ಲಗೆ ಎಳೆದೆ. ನಡುವೆ ಒಂದು ಕಡೆ ಸಕ್ಕರೆಯ ಒಂದೇ ಒಂದು ಹರಳು ತಾಗಿತು.

"ಅದೆಂತ ಮಾಡ್ತ್ರಿ?" ಎಂದು ನಾದಿನಿ ಕೇಳಿದಳು. "ಎಂತ ಇಲ್ಲೆ" ಅಂದೆ.

ಹಾಗೆ ಮುಟ್ಟಿ ನೋಡುವುದನ್ನು ನನಗೆ ಕಲಿಸಿದ್ದು ಅವರೇ. ಬರಿಗೈಯಲ್ಲಿ ಸವರಿದರೆ ಚರ್ಮ ತನ್ನನ್ನೇ ತಾನು ಮುಟ್ಟಿಕೊಂಡ ಹಾಗಾಗುತ್ತದಂತೆ. ನಡುವೆ ಒಂದು ತೆಳು ಬಟ್ಟೆ ಇದ್ದರೆ ಕೂದಲೆಳೆಯಷ್ಟು ಉಬ್ಬು ತಗ್ಗು ಇದ್ದರೂ ಗೊತ್ತಾಗುತ್ತದಂತೆ. ಅವರ ಹೆಗಲ ಮೇಲೆ ಯಾವಾಗಲೂ ಹಳೆಯ ಪಂಚೆಯ ಒಂದು ತುಂಡು ಇರುತ್ತಿತ್ತು. ಬೆವರು ಒರೆಸಲಿಕ್ಕಲ್ಲ. ಅದಕ್ಕೆ ಬೇರೆ ಬೈರಾಸು. ಈ ತುಂಡು ನೋಡುವುದಕ್ಕೆ.

ಅವರ ಹೆಸರು ಬರೆಯುವುದಿಲ್ಲ. ಬಸ್ಸಿಗೆ ಬಣ್ಣ ಹೊಡೆದವರೆಲ್ಲ ಹಿಂಬದಿಯ ಮೂಲೆಯಲ್ಲಿ ತಮ್ಮ ಹೆಸರನ್ನು ಚಿಕ್ಕದಾಗಿ ಬರೆಯುತ್ತಿದ್ದ ಕಾಲ ಅದು. ಇವರು ಒಂದು ಸಲವೂ ಬರೆಯಲಿಲ್ಲ. ನಾನು ಕೇಳಿದರೆ, "ಹೆಸ್ರ್ ಬರುಕೆ ಮತ್ತೊಂದ್ ಡಬ್ಬಿ ತೆಗೀಕಲೆ ಸಣ್ಣಮ್ಮ, ಯಾರಿಗ್ ಪುರ್ಸೊತ್ತ್" ಅನ್ನುತ್ತಿದ್ದರು. ಊರಿಗೆಲ್ಲ ಅವರು ಬೊಂಬಾಯಿ ಪೈಂಟರು. ನನಗೂ ಅಷ್ಟೇ.

ನಾನು ಮದುವೆಯಾಗಿ ಕುಂದಾಪುರಕ್ಕೆ ಬಂದದ್ದು ಅರವತ್ತರ ದಶಕದ ಮೊದಲ ವರ್ಷಗಳಲ್ಲಿ. ಪೇಟೆಯಿಂದ ಕೋಟದ ಕಡೆಗೆ ಹೋಗುವ ರಸ್ತೆಯ ಬದಿ ನಮ್ಮ ಮನೆ. ಹಿತ್ತಲಲ್ಲಿ ಒಂದು ಹೆಂಚಿನ ಕೊಟ್ಟಿಗೆ. ಮಾವನವರು ಗಾಡಿ ಎತ್ತು ಕಟ್ಟುತ್ತಿದ್ದದ್ದು, ಅವರು ಹೋದ ಮೇಲೆ ಖಾಲಿ ಬಿದ್ದಿತ್ತು. ಬೊಂಬಾಯಿಯಿಂದ ಊರಿಗೆ ಮರಳಿದ ಈ ಮನುಷ್ಯ ಬಣ್ಣದ ಕೆಲಸಕ್ಕೆ ಅದನ್ನು ಕೇಳಲು ಬಂದಾಗ ನಮ್ಮ ಅತ್ತೆ ಒಂದು ಷರತ್ತು ಹಾಕಿದರು: "ಬೀಡಿ ಸೇದುಕಾಗ." ಅವರು ತಲೆಯಾಡಿಸಿ ತಮ್ಮದೂ ಒಂದು ಷರತ್ತು ಹೇಳಿದರು.

"ಎಣ್ಣಿ ಹಚ್ಚಿದ್ ತಲಿಯವ್ರ್ ಒಳ್ಗ್ ಬಪ್ಪುಕಾಗ ಅಮ್ಮ."

ಅತ್ತೆ ಬಾಯಿ ಬಿಟ್ಟು ನಿಂತರು. "ಹಾಂಗಾರೆ ಈ ಊರಂಗೆ ನಿಮ್ ಕೊಟ್ಗಿಗ್ ಬಪ್ಪವ್ರ್ ಯಾರ್ ಮಾರಾಯ್ರೆ? ಬೋಳ್ ಮಂಡಿಯವ್ರಾ?"

ನಗುವ ಮಾತಾಗಿರಲಿಲ್ಲ. ಎಣ್ಣೆಯ ಒಂದು ಬಿಂದು ಎಲ್ಲಿ ಬಿದ್ದಿದೆಯೋ ಅಲ್ಲಿ ಗಾಡಿಗೆ ಹೊಡೆಯುವ ಬಣ್ಣ ಕೂರುವುದಿಲ್ಲ. ಹೆದರಿದ ಹಾಗೆ ಹಿಂದೆ ಸರಿದು ಗುಂಡಗೆ ಒಂದು ಕುಳಿ ಬಿಡುತ್ತದೆ. ಅದಕ್ಕೆ ಅವರು ಮೀನ್‌ಕಣ್ಣು ಅನ್ನುತ್ತಿದ್ದರು. ನಮ್ಮ ಕಡೆಯಲ್ಲಿ ಕೊಬ್ಬರಿ ಎಣ್ಣೆ ಎಲ್ಲಿಲ್ಲ? ತಲೆಯಲ್ಲಿ, ಕೈಯಲ್ಲಿ, ದೀಪದಲ್ಲಿ, ಬಾಗಿಲ ಚಿಲಕದಲ್ಲಿ, ಸೆರಗಿನಲ್ಲಿ. ಹಾಗಾಗಿ ಅವರು ಮೊದಲು ತಮ್ಮ ತಲೆಯನ್ನೇ ಹೊರಗಿಟ್ಟರು. ಇಪ್ಪತ್ತು ವರ್ಷದಿಂದ ಎಣ್ಣೆ ಕಾಣದ ಕೂದಲು ತೆಂಗಿನ ನಾರಿನ ಹಾಗೆ ಎದ್ದು ನಿಂತಿರುತ್ತಿತ್ತು. ಹೆಂಡತಿ ಇರುವ ಗಂಡಸು ಒಣಗಿದ ತಲೆಯಲ್ಲಿ ಪೇಟೆ ಸುತ್ತಿದರೆ ಜನ ಸುಮ್ಮನಿರುತ್ತಾರೆಯೆ? ಬಾವಿಕಟ್ಟೆಯಲ್ಲಿ ಅದೇ ಮಾತು.

ನನಗೆ ಆ ಕೊಟ್ಟಿಗೆಗೆ ಪ್ರವೇಶ ಸಿಕ್ಕಿದ್ದು ನನ್ನ ಇಂಗ್ಲಿಷಿನಿಂದ. ನಾನು ಓದಿದ್ದು ಮಂಗಳೂರಿನ ಕಾನ್ವೆಂಟಿನಲ್ಲಿ, ಅಲ್ಲೇ ಬೋರ್ಡಿಂಗಿನಲ್ಲಿದ್ದುಕೊಂಡು. ಒಂದು ದಿನ ಪೈಂಟರು ಬಣ್ಣ ತೆಳ್ಳಗೆ ಮಾಡುವ ಥಿನ್ನರಿನ ಡಬ್ಬಿ ಹಿಡಿದುಕೊಂಡು ಬಂದು, ಇದರ ಮೇಲೆ ಎಂತ ಬರೆದಿದೆ ಎಂದು ಕೇಳಿದರು. ಓದಿ ಹೇಳಿದೆ: ಬೆಂಕಿಯಿಂದ ದೂರ ಇಡಿ, ಮಕ್ಕಳ ಕೈಗೆ ಕೊಡಬೇಡಿ. "ಅಷ್ಟೆಯಾ?" ಎಂದು ಅವರಿಗೆ ಬೇಸರವಾಯಿತು. "ಇಷ್ಟ್ ವರ್ಷ ನಾ ಇದ್ರಂಗೆ ಎಂತದೋ ಗುಟ್ಟ್ ಬರ್ದಿತ್ ಅಂದೇಳಿ ಇದ್ದೆ." ಅಂದಿನಿಂದ, ಅಂಟುವಾಳದ ನೀರಲ್ಲಿ ಕೈ ತೊಳೆದುಕೊಂಡು, ತಲೆಗೆ ಬಟ್ಟೆ ಕಟ್ಟಿಕೊಂಡರೆ ಬಾಗಿಲಿನ ಹತ್ತಿರ ಬೋರಲು ಹಾಕಿದ ಒರಳಿನ ಮೇಲೆ ಕೂರುವ ಅಪ್ಪಣೆ ಸಿಕ್ಕಿತು. ಮಧ್ಯಾಹ್ನ ಅಡಿಗೆ ಮನೆ ತಣ್ಣಗಾದ ಮೇಲೆ ನಾನು ಅಲ್ಲಿ ಹೂ ಕಟ್ಟುತ್ತಲೋ ಅವರೆಕಾಳು ಬಿಡಿಸುತ್ತಲೋ ಕೂರುತ್ತಿದ್ದೆ.

ಮಾತು ಕಡಿಮೆ. ಆದರೆ ವಾಟರ್ ಪೇಪರೆಂಬ ಮರಳುಕಾಗದವನ್ನು ನೀರು ಹಾಕಿ ಉಜ್ಜುವಾಗ, ಆ ನೀರಿನ ಸರ್ ಸರ್ ಸದ್ದಿನ ನಡುವೆ, ಯಾರಿಗೂ ಹೇಳದ್ದನ್ನು ಹೇಳಿಬಿಡುತ್ತಿದ್ದರು. ಹದಿಮೂರನೇ ವಯಸ್ಸಿಗೆ ಊರಿನವರೊಬ್ಬರ ಹಿಂದೆ ಬೊಂಬಾಯಿಗೆ ಹೋದದ್ದು. ಹೋಟೆಲಿನಲ್ಲಿ ಕಪ್ಪು ಬಸಿ ತೊಳೆದದ್ದು. ಎದುರಿನ ಗ್ಯಾರೇಜಿಗೆ ಚಹಾ ಕೊಡಲು ಹೋದವರು ಅಲ್ಲಿನ ಮುದುಕ ಉಸ್ತಾದ ಒಂದು ಕಾರಿನ ಬಾಗಿಲಿಗೆ ಬಣ್ಣ ಹೊಡೆಯುವುದನ್ನು ನೋಡುತ್ತ ನಿಂತು, ಚಹಾ ಆರಿ, ಹೋಟೆಲಿನಲ್ಲಿ ಪೆಟ್ಟು ತಿಂದದ್ದು. ಮರುವಾರ ಆ ಉಸ್ತಾದನ ಹತ್ತಿರವೇ ಸೇರಿಕೊಂಡದ್ದು. ಮೊದಲ ಎರಡು ವರ್ಷ ಬಣ್ಣ ಮುಟ್ಟಲಿಕ್ಕೆ ಬಿಡಲಿಲ್ಲವಂತೆ. ಬರೀ ಉಜ್ಜುವುದು.

"ಬಣ್ಣ ಅಂದ್ರೆ ಮೇಲಿದ್ದದ್ದಲ್ಲ ಸಣ್ಣಮ್ಮ, ಅಡಿಗಿದ್ದದ್ದ್" ಎನ್ನುತ್ತಿದ್ದರು. ಯಾರಾದರೂ ಬೇಗ ಮಾಡಿಕೊಡಿ ಅಂದರೆ, "ಅವಸ್ರ ಇದ್ರೆ ಸುಣ್ಣ ಹೊಡ್ಸಿ" ಎಂದುಬಿಡುತ್ತಿದ್ದರು. ಸಮುದ್ರದ ಗಾಳಿ ಬೀಸುವ ಹೊತ್ತಿಗೆ ಡಬ್ಬಿಯ ಮುಚ್ಚಳ ತೆಗೆಯುತ್ತಿರಲಿಲ್ಲ. ಮಳೆಗಾಲ ಪೂರ್ತಿ ಕಡೆಯ ಕೋಟು ಹೊಡೆಯುತ್ತಿರಲಿಲ್ಲ; ತೇವ ಹಿಡಿದ ಗಾಳಿಗೆ ಬಣ್ಣ ಮಜ್ಜಿಗೆಯ ಹಾಗೆ ಬಿಳಿಚಿಕೊಳ್ಳುತ್ತದೆ. ನಮ್ಮ ಕೂಸಿಗೆ ತೊಟ್ಟಿಲು ತರಿಸಿದಾಗ, ಹೆಗಲಿನ ಬಟ್ಟೆ ತೆಗೆದು ಅದರ ಅಂಚುಗಳನ್ನೆಲ್ಲ ಸವರಿ ನೋಡಿ, ಒಂದು ಮಾತೂ ಆಡದೆ ಹೊತ್ತುಕೊಂಡು ಹೋದರು. ಮೂರು ದಿನ ಬಿಟ್ಟು ತಂದಿಟ್ಟರು. ಅದರ ಮರ ಬೆಣ್ಣೆಯ ಹಾಗಾಗಿತ್ತು. ಮುಂದೆ ಎಪ್ಪತ್ತರ ನಂತರ ನಮ್ಮವರಿಗೆ ವರ್ಗವಾಗಿ ನಾವು ಊರು ಬಿಡುವವರೆಗೂ ಬ್ರಹ್ಮಾವರದಿಂದ ಬೈಂದೂರಿನ ತನಕ ಓಡುತ್ತಿದ್ದ ಎಷ್ಟೋ ಬಸ್ಸುಗಳನ್ನು ನಾನು ಹೊಳಪಿನಿಂದಲೇ ಗುರುತಿಸುತ್ತಿದ್ದೆ. ಆದರೆ ಆ ಬಸ್ಸುಗಳು ಬರುವ ಮೊದಲು ಒಂದು ಮೋಟಾರು ಸೈಕಲ್ಲು ಬಂತು. ಅದರ ಮೇಲೆ ಅವರ ಬದುಕೇ ನಿಂತಿತ್ತು.

ಅವರ ಹೆಂಡತಿಯ ವಿಷಯ ಹೇಳಬೇಕು. ಉಪ್ಪುಂದದ ಕಡೆಯ ಹೆಣ್ಣು, ತುಂಬಾ ಮೆದು. ನಮ್ಮ ಹಿತ್ತಲಿನ ಆಚೆ ಒಂದು ಗದ್ದೆ ದಾಟಿದರೆ ಅವರ ಮನೆ. ಮದುವೆಯಾಗಿ ಏಳು ವರ್ಷ. ಅವರು ರಜೆಯಲ್ಲಿ ಬಂದು ಹೋದ ದಿನಗಳನ್ನೆಲ್ಲ ಕೂಡಿಸಿದರೆ ಇಬ್ಬರೂ ಜೊತೆಗಿದ್ದದ್ದು ಆರೇಳು ತಿಂಗಳಿರಬಹುದು. ಈಗ ಗಂಡ ಊರಿಗೇ ಬಂದಿದ್ದರೂ ಆಕೆಗೆ ನಂಬಿಕೆ ಇರಲಿಲ್ಲ. ಅವರ ಕಬ್ಬಿಣದ ಟ್ರಂಕನ್ನು ದಿನಾ ಒರೆಸಿ ಬಾಗಿಲ ಹತ್ತಿರವೇ ಇಟ್ಟಿದ್ದಳು.

"ನಂಗೆ ಮನಿಯಂಗೆ ದಿನಾ ನೆಂಟ್ರೂಟ ಸಣ್ಣಮ್ಮ" ಎಂದು ಒಂದು ದಿನ ಉಜ್ಜುತ್ತ ಹೇಳಿದರು. "ಕಾಲಿಗ್ ನೀರ್ ಕೊಡ್ತ್ಳ್. ಮಣಿ ಹಾಕ್ತ್ಳ್. ಹೊಸ ಲೋಟದಂಗೆ ನೀರ್. ಸಾರ್ ಹ್ಯಾಂಗಾಯಿತ್, ಇನ್ನೊಂಚೂರ್ ಬಡಿಸ್ಲಾ ಅಂದೇಳಿ ಕೇಂತ್ಳ್. ತಾನ್ ಆಚಿ ಬಾಗ್ಲಲ್ ನಿಂತ್ಕಂತ್ಳ್. ನಾ ಎಂತ ಬೊಂಬಾಯಿಂದ ಬಂದ್ ಹೆಣ್ಣ್ ಕಾಂಬುಕ್ ಬಂದವ್ನಾ?" ನಕ್ಕರು, ಆಮೇಲೆ ನಗು ನಿಂತಿತು. "ಅವ್ಳ್ ಲೆಕ್ಕದಂಗೆ ನಾ ಹೊರ್ಟ್ ನಿಂತವ. ಕೆಲ್ಸ ಇಲ್ಲಿ ಹಿಡೀದಿದ್ರೆ ಅದೂ ಸಮವೇ. ನಂಗ್ ಹೋಪುಕ್ ಮನ್ಸಿಲ್ಲೆ. ಮನೀಗ್ ನೆಂಟ ಆಯಿ ಆಯಿ ಸಾಕಾಯ್ತ್."

ಕೆಲಸ ಹಿಡಿಯುವ ದಾರಿ ಯಡ್ತರೆಯಿಂದ ಬಂತು. ಅಲ್ಲಿನ ಬಸ್ಸಿನ ಧಣಿಗಳ ಬಳಿ ಇಂಗ್ಲೆಂಡಿನ ಒಂದು ಹಳೆಯ ಮೋಟಾರು ಸೈಕಲ್ಲು ಇತ್ತು, ಬ್ರಿಟಿಷರ ಕಾಲದ್ದು. ಬಸ್ಸು ಇಲ್ಲದ ಕಾಲದಲ್ಲಿ ಅವರು ಊರೂರು ತಿರುಗಿದ್ದು ಅದರ ಮೇಲೆಯೇ. ಆಮೇಲೆ ಹಟ್ಟಿಯಲ್ಲಿ ಬಿದ್ದು, ಉಪ್ಪು ಗಾಳಿಗೆ ತುಕ್ಕು ಹಿಡಿದು, ಅದರ ಸೀಟಿನಲ್ಲಿ ಕೋಳಿ ಮೊಟ್ಟೆಯಿಡುತ್ತಿತ್ತು. ಈಗ ಬೈಂದೂರಿನಿಂದ ಬ್ರಹ್ಮಾವರಕ್ಕೆ ಹೊಸ ಬಸ್ಸು ಬಿಡುವವರಿದ್ದರು. ಮೊದಲ ದಿನ ಬಸ್ಸಿನ ಮುಂದೆ ತಾವೇ ಆ ಸೈಕಲ್ಲು ಓಡಿಸಿಕೊಂಡು ಹೋಗಬೇಕು ಎಂಬ ಆಸೆ. ಧಣಿಗಳ ಮೀಸೆ ಆ ಕಡೆಗೆಲ್ಲ ಪ್ರಸಿದ್ಧ. ನಮ್ಮ ಹಿತ್ತಲಲ್ಲಿ ನಿಂತು ಅದನ್ನು ತೀಡುತ್ತ ಹೇಳಿದರು:

"ಕಾಣ್ ಪೈಂಟ್ರ, ದೀಪಾವಳಿ ಕಳ್ದ್ ಮತ್ತಿನ್ ವಾರ, ಶುಕ್ರವಾರ ಬಸ್ ಹೊರಡತ್ತ್. ಅವತ್ತ್ ಈ ಪೆಟ್ರೋಲ್ ಟ್ಯಾಂಕಿಯಂಗೆ, ಕನ್ನಡಿಲಿ ಕಂಡಾಂಗೆ, ನನ್ ಮೀಸಿ ಕಾಣ್ಕ್. ಕಂಡ್ರೆ ನನ್ ಅಷ್ಟೂ ಬಸ್ಸಿನ್ ಕೆಲ್ಸ ನಿಂದ್, ನೀ ಸಾಯುವರಿಗೂ. ಕಾಣ್ದಿರೆ ನೀ ಬೊಂಬಾಯಿ ದಾರಿ ಹಿಡಿ, ನಾ ಮಂಗ್ಳೂರ್ ಪೈಂಟ್ರನ್ನ ಹಿಡೀತೆ."

ಹಾಗೆ ಎರಡು ತಿಂಗಳು ಆ ಸೈಕಲ್ಲು ನಮ್ಮ ಕೊಟ್ಟಿಗೆಯಲ್ಲಿ ತುಂಡು ತುಂಡಾಗಿ ಬಿದ್ದಿತ್ತು. ಮೊದಲು ಹಳೆಯ ಬಣ್ಣವನ್ನೆಲ್ಲ ಕೆರೆದರು. ತುಕ್ಕನ್ನು ತಂತಿ ಬ್ರಷ್ಷಿನಲ್ಲಿ ತಿಕ್ಕಿ ತಿಕ್ಕಿ ಲೋಹ ಬೆಳ್ಳಗಾಗುವ ತನಕ ಬಿಡಲಿಲ್ಲ. ಕಾವಿಯ ಹಾಗಿರುವ ಕೆಂಪು ಬಣ್ಣದ ಒಂದು ಹೊದಿಕೆ. ಅದರ ಮೇಲೆ ದೋಸೆ ಹಿಟ್ಟಿಗಿಂತ ಗಟ್ಟಿಯಾಗಿ ಕಲಸಿದ ಪುಟ್ಟಿಯನ್ನು ಬಳಿದು ತಗ್ಗು ತುಂಬುವುದು, ಒಣಗಿದ ಮೇಲೆ ಉಜ್ಜುವುದು. ಆಮೇಲೆ ಬೂದು ಬಣ್ಣ, ಮತ್ತೆ ಉಜ್ಜುವುದು. ನಡುನಡುವೆ ಚಿಮಿಣಿ ದೀಪದ ಮಸಿಯನ್ನು ಬಟ್ಟೆಯಲ್ಲಿ ತೆಗೆದು ಟ್ಯಾಂಕಿಗೆಲ್ಲ ತೆಳ್ಳಗೆ ಸವರುತ್ತಿದ್ದರು. ಉಜ್ಜಿದಾಗ ಮಸಿ ಎಲ್ಲಿ ಉಳಿಯಿತೋ ಅಲ್ಲಿ ಇನ್ನೂ ತಗ್ಗು ಇದೆ ಎಂದು ಅರ್ಥ. ಅತ್ತೆ ಬಾಗಿಲಲ್ಲಿ ಇಣುಕಿ, "ಇದೆಂತ, ಸೈಕಲ್ಲಿಗೂ ದೃಷ್ಟಿ ಬೊಟ್ಟಾ?" ಅಂದರೆ, "ನಿಮ್ ದೃಷ್ಟಿಯೇ ಅಮ್ಮ, ಬೇರೆ ಯಾರ್ ಬತ್ರ್ ಇಲ್ಲಿಗೆ" ಅನ್ನುತ್ತಿದ್ದರು.

ಕೊನೆಗೆ ಬಣ್ಣ. ಹಣ್ಣಾದ ಪುನರ್ಪುಳಿಯ ಬಣ್ಣ, ನೆರಳಲ್ಲಿ ಕಪ್ಪು, ಬಿಸಿಲಲ್ಲಿ ಕೆಂಪು. ಒಂದರ ಮೇಲೊಂದು ತೆಳು ಕೋಟುಗಳು. ಪ್ರತಿ ಕೋಟನ್ನೂ ಒಣಗಿಸಿ, ಹೊಳಪು ಹೋಗುವ ಹಾಗೆ ಉಜ್ಜಿ, ಮತ್ತೆ ಮೇಲೊಂದು. ಒಂದನ್ನು ಹಾಕಿ ಅದನ್ನೇ ಉಜ್ಜಿ ತೆಗೆಯುವ ಈ ಕೆಲಸ ನನಗೆ ಮೊದಮೊದಲು ಹುಚ್ಚು ಅನಿಸಿತ್ತು. ದೀಪಾವಳಿಯ ಹೊತ್ತಿಗೆ ಕಡೆಯ ಕೋಟು ಒಂದೇ ಬಾಕಿ. ಹಬ್ಬದ ಮುನ್ನಾದಿನ ಟ್ಯಾಂಕಿಯನ್ನು ಪೆಟ್ರೋಲಿನಲ್ಲಿ ಒರೆಸಿ, ಬಿಳಿ ಬಟ್ಟೆ ಹೊದೆಸಿ, ಬಾಗಿಲೆಳೆದುಕೊಂಡರು. ಹಬ್ಬದ ಮರುದಿನ ಬೆಳಿಗ್ಗೆ, ಗಾಳಿ ಏಳುವ ಮೊದಲು, ಹೊಡೆಯುವುದೆಂದು ನಿಶ್ಚಯ.

ಹಬ್ಬದ ಬೆಳಿಗ್ಗೆ ನಾನು ಕಡುಬು ಕೊಡಲು ಗದ್ದೆ ದಾಟಿ ಅವರ ಮನೆಗೆ ಹೋದೆ. ಆಕೆ ಅಂಗಳದಲ್ಲಿ ಮಣೆ ಹಾಕಿ, ಬೆಚ್ಚಗೆ ಮಾಡಿದ ಎಣ್ಣೆಯ ಬಟ್ಟಲು ಹಿಡಿದು ನಿಂತಿದ್ದಳು. ಬಟ್ಟಲಲ್ಲಿ ಗರಿಕೆ ಇತ್ತು. ಹಬ್ಬದ ಎಣ್ಣೆ ಸ್ನಾನಕ್ಕೆ ಮೊದಲು ಗರಿಕೆಯನ್ನು ಎಣ್ಣೆಯಲ್ಲಿ ಅದ್ದಿ ಗಂಡನ ನೆತ್ತಿಗೆ ಸಾಲಾಗಿ ಮೂರು ಬೊಟ್ಟು ಇಡುವುದು ಅವಳ ತವರಿನ ಕ್ರಮ. ಏಳು ವರ್ಷದಲ್ಲಿ ಅವರು ದೀಪಾವಳಿಗೆ ಊರಲ್ಲಿದ್ದದ್ದು ಅದೇ ಮೊದಲು.

"ಬ್ಯಾಡ" ಎಂದರು ಅವರು. "ನಾಳೆ ಕಡೀ ಕೋಟಿತ್ತ್. ತಲೀಗೆ ಎಣ್ಣಿ ತಾಗ್ಸುಕಾಗ." ಅಷ್ಟು ಹೇಳಿ ಪೇಟೆಗೆ ಹೊರಟೇಹೋದರು.

ಆಕೆ ಬಟ್ಟಲು ಕೆಳಗಿಡಲಿಲ್ಲ. ನನ್ನನ್ನು ನೋಡಿ ನಕ್ಕಳು. "ಬೊಂಬಾಯಂಗೂ ಹಚ್ಕಂತಿರ್ಲಿಲ್ಯಂಬ್ರ್" ಎಂದಳು. ಅವಳ ಹೆಬ್ಬೆರಳು ಬಟ್ಟಲಿನ ಅಂಚನ್ನು ಸುಮ್ಮನೆ ಸವರುತ್ತಿತ್ತು.

ಸ್ವಲ್ಪ ಹೊತ್ತಿನ ಮೇಲೆ ನಾನು ನಮ್ಮ ಬಾವಿಯಲ್ಲಿ ನೀರು ಸೇದುತ್ತಿದ್ದಾಗ ಆಕೆ ಅದೇ ಬಟ್ಟಲು ಹಿಡಿದು ಕೊಟ್ಟಿಗೆಯೊಳಗೆ ಹೋಗುವುದು ಕಂಡಿತು. ಬೇಗನೆ ಹೊರಬಂದಳು. ಅಂಗಳದ ನಡುವೆ ನಿಂತು, ಏನೋ ನೆನಪಾದವಳ ಹಾಗೆ ಮತ್ತೆ ಒಳಗೆ ಓಡಿದಳು. ಎರಡನೇ ಸಲ ಬಂದಾಗ ಸೆರಗಿನ ತುದಿ ಒದ್ದೆಯಾಗಿತ್ತು. ನನಗೆ ಕಂಡಿತು, ಆದರೆ ತಲೆಗೆ ಹೋಗಲಿಲ್ಲ. ಹಬ್ಬದ ಗಡಿಬಿಡಿ.

ಮರುದಿನ ಬೆಳಿಗ್ಗೆ ಗಾಳಿ ಇರಲಿಲ್ಲ. ಧೂಳು ಏಳದಂತೆ ನೆಲಕ್ಕೆ ನೀರು ಚಿಮುಕಿಸಿ, ಬಣ್ಣ ಚಿಮ್ಮಿಸಲು ಗಾಳಿ ಒತ್ತುವ ಕಂಪ್ರೆಸರು ಶುರು ಮಾಡಿದರು. ಅದರ ಗಡಗಡ ಸದ್ದಿಗೆ ನಮ್ಮ ಪಾತ್ರೆಗಳೆಲ್ಲ ನಡುಗುತ್ತಿದ್ದವು. ಸದ್ದು ಇದ್ದಕ್ಕಿದ್ದಂತೆ ನಿಂತಿತು. ಇಷ್ಟು ಬೇಗ ಮುಗಿಯಿತೇ ಎಂದುಕೊಂಡು ಹೋದೆ. ಟ್ಯಾಂಕಿ ಹಸಿ ಬಣ್ಣದಲ್ಲಿ ಕನ್ನಡಿಯ ಹಾಗಿತ್ತು. ಅದರ ನಡು ನೆತ್ತಿಯಲ್ಲಿ ಮೂರು ಗುಂಡು ಕುಳಿ.

"ಮೀನ್‌ಕಣ್" ಎಂದರು. ಅಷ್ಟೇ.

ಕಂಪ್ರೆಸರಿನ ಎಣ್ಣೆ ಗಾಳಿಯ ಜೊತೆ ಬಂದಿರಬೇಕೆಂದು ಕೊಳವೆಗಳನ್ನೆಲ್ಲ ಬಿಚ್ಚಿ ತೊಳೆದರು. ಒಂದು ಬಿಸ್ಕತ್ತಿನ ಡಬ್ಬಿಯ ಮುಚ್ಚಳಕ್ಕೆ ಅದೇ ಬಣ್ಣ ಹೊಡೆದು ನೋಡಿದರು. ಮುಚ್ಚಳದಲ್ಲಿ ಒಂದು ಕಲೆಯೂ ಇಲ್ಲ. ಥಿನ್ನರು ಬದಲಾಯಿಸಿ ಇನ್ನೊಂದು ಸಲ ನೋಡಿದರು. ಅದೂ ಚೊಕ್ಕ. ತಮ್ಮ ಬೈರಾಸನ್ನು ಮೂಸಿದರು. ಕೈ ಮೂಸಿದರು. ಆಮೇಲೆ ನನ್ನ ಒರಳಿನ ಮೇಲೆ ಬಂದು ಕುಳಿತರು. ಅವರು ಅಲ್ಲಿ ಕೂತದ್ದನ್ನು ನಾನು ಯಾವತ್ತೂ ನೋಡಿರಲಿಲ್ಲ.

"ಉಸ್ತಾದ್ ಹೇಳಿದ್ದ" ಎಂದರು. "ಊರಿಗ್ ಹೋದ್ರೆ ನಿನ್ ಕೈ ಹಾಳಾತ್ತ್ ಅಂದೇಳಿ. ಸಮಾ ಕಾಂತ್. ನಂದೇ ಕೈ ತಪ್ಪಿತ್. ಇನ್ನ್ ಇಲ್ಲಿದ್ದ್ ಎಂತ ಪ್ರಯೋಜ್ನ ಸಣ್ಣಮ್ಮ? ಬೊಂಬಾಯೇ ಸೈ."

ನಾನು ಹಿತ್ತಲಿಗೆ ಬಂದೆ. ಬಾವಿಯ ಹತ್ತಿರ ಆಕೆ ನಿಂತಿದ್ದಳು. ಕಂಪ್ರೆಸರು ನಿಂತದ್ದು ಅವಳಿಗೂ ಕೇಳಿಸಿತ್ತು. ನನ್ನ ಕೈ ಹಿಡಿದುಕೊಂಡಳು.

"ನಾನೇ ಸಣ್ಣಮ್ಮ. ಹಬ್ಬಕ್ಕ್ ನಮ್ ತವ್ರಲ್ಲಿ ನೊಗಕ್ಕೂ ನೇಗ್ಲಿಗೂ ಎಣ್ಣಿ ಇಡ್ತ್ರ್. ಇದ್ಕೂ ಇಟ್ಟೆ. ಇಟ್ಟ್ ಹೊರ್ಗ್ ಬಂದ್ ಮೇಲ್ ನೆನ್ಪಾಯ್ತ್. ಅಲ್ಲಿದ್ದ್ ಅಂಟ್ವಾಳದ್ ನೀರಂಗೆ ಸೆರ್ಗ್ ಅದ್ದಿ ಒತ್ತಿ ತೆಗ್ದೆ, ಹೋಯ್ತ್ ಅಂದ್ಕಂಡೆ. ಅವ್ರಿಗ್ ಹೇಳ್ಬೇಡಿ. ಗೊತ್ತಾರೆ ಇವತ್ತೇ ಹೊರಡ್ತ್ರ್."

ಹೇಳದಿದ್ದರೂ ಹೊರಡುತ್ತಾರಲ್ಲ. ತಮ್ಮ ಕೈಯೇ ಕೆಟ್ಟಿತು ಎಂದು ನಂಬಿದ ಮನುಷ್ಯ ಯಾವ ಊರಿನಲ್ಲಿ ನಿಂತಾರು? ಕಾನ್ವೆಂಟಿನಲ್ಲಿ ಸುಳ್ಳಿಗೆ ಮೊಣಕಾಲೂರುವ ಶಿಕ್ಷೆ ಇತ್ತು. ನಾನು ಹನ್ನೊಂದು ವರ್ಷದಲ್ಲಿ ಒಂದು ಸಲವೂ ಊರಿದವಳಲ್ಲ. ಅಂದು ನೇರ ಕೊಟ್ಟಿಗೆಗೆ ಹೋಗಿ, "ಪೈಂಟ್ರೆ, ನಾನೇ ಮಾಡಿದ್ದ್. ನಿನ್ನೆ ದೀಪ ಇಡುಕ್ ಬಂದಾಗ ಎಣ್ಣಿ ಕೈ ತಾಗಿತ್" ಎಂದೆ.

ಅವರು ತಲೆಯೆತ್ತಿದರು. "ಎಲ್ ತಾಗಿತ್? ಕಾಣ್ಸಿ."

ನಾನು ಟ್ಯಾಂಕಿಯ ಕಡೆ ಅಂದಾಜಿಗೆ ಕೈ ಬೀಸಿದೆ. ಅವರು ಎದ್ದು ಬಂದು, ಬಾಗಿ, ಆ ಮೂರು ಕುಳಿಗಳನ್ನು ತುಂಬ ಹೊತ್ತು ನೋಡಿದರು. ಅಲ್ಲಿಯತನಕ ಅವರು ನೋಡಿದ್ದು ಕಂಪ್ರೆಸರನ್ನು, ಥಿನ್ನರನ್ನು, ತಮ್ಮ ಕೈಯನ್ನು. ಕುಳಿಗಳನ್ನೇ ನೋಡಿರಲಿಲ್ಲ.

"ಕೈ ತಾಗಿರೆ ಉಜ್ಜಿದಾಂಗ್ ಆಯ್ಕ್" ಎಂದು ಮೆಲ್ಲಗೆ ಹೇಳಿದರು. "ಇದ್ ಕಾಣಿ. ಮೂರ್ ಬೊಟ್ಟ್, ಒಂದೇ ಸಾಲ್. ಗರ್ಕಿ ಅದ್ದಿ ಇಟ್ಟದ್ದ್." ಅವರ ಬೆರಳು ತಮ್ಮ ಒಣ ನೆತ್ತಿಗೆ ಹೋಯಿತು. "ನನ್ ತಲೀಗ್ ಇಡುದನ್ನ ಇದ್ಕಿಟ್ಟಿದ್ಲ್."

ಆಮೇಲೆ ನನ್ನ ಕಡೆ ತಿರುಗಿದರು. "ಸಣ್ಣಮ್ಮ, ಸಿಸ್ಟರ್‌ಗಳ್ ಅಷ್ಟ್ ವರ್ಷ ಕಲ್ಸಿ ಒಂದ್ ಸುಳ್ಳ್ ಸಮಾ ಹೇಳುಕ್ ಕಲ್ಸಲಿಲ್ಯಾ ನಿಮ್ಗೆ?"

ಆ ಕುಳಿಗಳನ್ನು ಬಣ್ಣದ ಹನಿಯಲ್ಲಿ ತುಂಬಿ, ಉಜ್ಜಿ, ಶುಕ್ರವಾರಕ್ಕೆ ಸೈಕಲ್ಲು ಕೊಟ್ಟುಬಿಡಬಹುದಿತ್ತು. ಅದನ್ನು ಅವರೇ ಹೇಳಿದರು. "ಧಣಿಗ್ ಗೊತ್ತಾತಿಲ್ಲೆ. ಒಂದ್ ಮಳ್ಗಾಲ ಕಳೀಲಿ, ಎಣ್ಣಿ ಒಳ್ಗಿದ್ದಲ್ಲೇ ಬಣ್ಣ ಎದ್ದ್ ಬತ್ತ್." ಹೇಳಿ, ಕೆರೆಯುವ ಅಲಗನ್ನು ಮರುದಿನಕ್ಕೆಂದು ತೆಗೆದು ಕಿಟಕಿಯ ಮೇಲಿಟ್ಟು, ಬಾಗಿಲೆಳೆದುಕೊಂಡು, ಗದ್ದೆಯ ಅಂಚಿನ ಮೇಲೆ ಮನೆಗೆ ನಡೆದರು. ನಾನು ಹಿತ್ತಲಲ್ಲೇ ನಿಂತಿದ್ದೆ. ಅವರು ಅಂಗಳದಲ್ಲಿ ತಾವೇ ಮಣೆ ಹಾಕಿಕೊಂಡು, ಬೆನ್ನು ಬಾಗಿಸಿ ಕುಳಿತದ್ದು ಕಂಡಿತು. ಆಕೆ ಒಳಗಿನಿಂದ ಬಂದಳು. ಕೈಯಲ್ಲಿ ಬಟ್ಟಲಿತ್ತು. ಇನ್ನೊಬ್ಬರ ಅಂಗಳ ನೋಡುತ್ತ ನಿಲ್ಲಬಾರದೆಂದೂ ಕಾನ್ವೆಂಟಿನಲ್ಲಿ ಕಲಿಸಿದ್ದರು. ಅಷ್ಟಕ್ಕೆ ನಾನು ಒಳಗೆ ಬಂದೆ.

ಮರುದಿನ ಬೆಳಿಗ್ಗೆ ಅವರು ಬಂದಾಗ ಅತ್ತೆ ತುಳಸಿಕಟ್ಟೆಯ ಹತ್ತಿರವಿದ್ದರು. ಪೈಂಟರ ಕೂದಲು ಮಲಗಿತ್ತು, ಮಿರಿಮಿರಿ ಮಿನುಗುತ್ತಿತ್ತು. ಕಿವಿಯ ಹತ್ತಿರ ಎಣ್ಣೆಯ ಒಂದು ಗೆರೆ ಇಳಿದಿತ್ತು. "ಓಹೋ" ಎಂದರು ಅತ್ತೆ, "ಪೈಂಟ್ರ್ ತಲೀಗೂ ಕಡೀ ಕೋಟ್ ಬಿದ್ದಿತ್ತಲೆ!" ಅವರು ನಾಚಿಕೊಂಡು ತಲೆಗೆ ಬಟ್ಟೆ ಸುತ್ತಿ, ಅಂಟುವಾಳದ ನೀರಲ್ಲಿ ಮೊಣಕೈವರೆಗೆ ತೊಳೆದುಕೊಂಡು, ಟ್ಯಾಂಕಿಯ ಬಣ್ಣವನ್ನು ಬರಿಯ ಲೋಹದ ತನಕ ಕೆರೆಯಲು ಕೂತರು.

ಶುಕ್ರವಾರ ಬಂತು. ಹೊಸ ಬಸ್ಸು ನಮ್ಮ ಮನೆಯೆದುರು ನಿಂತು ಹಾರನ್ನು ಹೊಡೆಯಿತು. ಧಣಿಗಳು ಇಸ್ತ್ರಿಯ ಅಂಗಿಯಲ್ಲಿ, ಸೈಕಲ್ಲಿಗೆಂದು ಸೇವಂತಿಗೆಯ ಒಂದು ಹಾರ ಹಿಡಿದು ಇಳಿದರು. ಕೊಟ್ಟಿಗೆಯಲ್ಲಿ ಕಂಡದ್ದು ಬೋಳು ಟ್ಯಾಂಕಿ.

"ಇದೆಂತ?"

"ಹದ್ನೈದ್ ದಿನ ಬೇಕ್ ಧಣಿ" ಎಂದರು ಇವರು.

"ಬಸ್ ಇವತ್ತ್ ಹೊರಡತ್ತ್, ಹದ್ನೈದ್ ದಿನ ಬೇಕಾ? ಎರ್ಡ್ ತಿಂಗ್ಳ್ ಎಂತ ಇದ್ರಂಗ್ ಮುಖ ಕಾಂತಿದ್ಯಾ?"

"ತಪ್ಪಾಯ್ತ್."

"ಯಾರ್ ತಪ್ಪ್?"

"ನಂದೇ."

"ಹಾಂಗಾರೆ ನಾ ಹೇಳ್ದ್ ಮಾತ್ ನೆನ್ಪಿತ್ತಾ? ಟ್ರಂಕ್ ಕಟ್ಟ್" ಎಂದು ಧಣಿಗಳು ತಿರುಗಿದರು. ತಿರುಗಿದವರು ನಿಂತರು. ಗದ್ದೆಯ ಅಂಚಿನಿಂದ ಓಡಿ ಬಂದು ಉಸಿರು ಬಿಡುತ್ತ ಆಕೆ ದಾರಿಗಡ್ಡ ನಿಂತಿದ್ದಳು. ಪರ ಗಂಡಸರೆದುರು ಬಾಯಿ ಬಿಟ್ಟವಳಲ್ಲ. ಸೆರಗಿನ ತುದಿಯನ್ನು ಎರಡೂ ಕೈಯಲ್ಲಿ ಹಿಂಡುತ್ತಿದ್ದಳು.

"ಅವ್ರದ್ದಲ್ಲ. ನಾ ಎಣ್ಣಿ ಇಟ್ಟದ್ದ್."

"ಎಣ್ಣಿಯಾ? ಎಲ್ಲಿಗ್?"

"ಟ್ಯಾಂಕಿಗ್. ಹಬ್ಬದ್ ದಿನ."

"ಎಂತಕ್ ಮಾರಾಯ್ತಿ?"

ಆಕೆ ಧಣಿಗಳನ್ನು ನೋಡಲಿಲ್ಲ, ಗಂಡನನ್ನೂ ನೋಡಲಿಲ್ಲ. ನೆಲ ನೋಡುತ್ತಲೇ ಹೇಳಿದಳು: "ಇದ್ ಸಮಾ ಆರೆ ಇವ್ರ್ ಊರಂಗೇ ಉಳೀತ್ರ್ ಅಂದ್ರ್. ಅದ್ಕೇ ಇದ್ಕೊಂದ್ ಬೊಟ್ಟ್ ಇಟ್ಟೆ. ಉಳ್ಸಿ ಕೊಡ್ ಅಂದೇಳಿ."

ಬಸ್ಸಿನ ಇಂಜಿನು ಒಂದೇ ಸಮನೆ ಗುರುಗುಟ್ಟುತ್ತಿತ್ತು. ನಾನು ಪೈಂಟರ ಮುಖ ನೋಡಿದೆ. ಬಾಯಿ ಸ್ವಲ್ಪ ತೆರೆದಿತ್ತು. ಬಾಗಿಲ ಬಳಿ ಒರೆಸಿಟ್ಟ ಟ್ರಂಕಿನ ಅರ್ಥವನ್ನು ಅವರು ಅಷ್ಟು ದಿನ ತಪ್ಪಾಗಿ ಓದಿದ್ದರು. ಹೊರಡಲಿ ಎಂದು ಅವಳು ಅದನ್ನು ಅಲ್ಲಿಟ್ಟದ್ದಲ್ಲ, ಹೊರಟರೆ ತನ್ನ ಕಣ್ಣಿಗೆ ಬೀಳಲಿ ಎಂದು.

ಧಣಿಗಳು ಕೈಯಲ್ಲಿದ್ದ ಹಾರವನ್ನು ನೋಡಿಕೊಂಡರು, ಬೋಳು ಟ್ಯಾಂಕಿಯನ್ನು ನೋಡಿದರು, ಮೀಸೆಯನ್ನು ಒಂದು ಸಲ ಎಡಕ್ಕೆ ಒಂದು ಸಲ ಬಲಕ್ಕೆ ತೀಡಿದರು.

"ನಮ್ಮನಿಯಂಗ್ ಇಷ್ಟ್ ವರ್ಷ ಬಿದ್ಕಂಡಿತ್ತ್ ಈ ಸೈಕಲ್" ಎಂದರು. "ಇದ್ಕ್ ಎಣ್ಣಿ ಇಟ್ಟವ್ರಿಲ್ಲೆ. ಕೋಳಿ ಮೊಟ್ಟಿ ಇಟ್ಟಿತ್ತ್ ಅಷ್ಟೆ." ಹಾರವನ್ನು ಬಸ್ಸಿನ ಮೂತಿಗೆ ಹಾಕಲು ಡ್ರೈವರನ ಕೈಗೆ ಕೊಟ್ಟರು. ಹತ್ತುವ ಮೊದಲು ತಿರುಗಿ, "ಹದ್ನೈದ್ ಅಂದ್ರೆ ಹದ್ನೈದೇ. ಮೀಸಿ ಕಾಣ್ದಿರೆ ಇಬ್ರನ್ನೂ ಬಸ್ಸಿಗ್ ಹತ್ಸ್ತೆ" ಎಂದರು.

ಆ ಹದಿನೈದು ದಿನದಲ್ಲಿ ನಾನು ಕಂಡ ಕೆಲಸವನ್ನು ಮತ್ತೆಲ್ಲೂ ಕಂಡಿಲ್ಲ. ಮತ್ತೆ ಮೊದಲಿನಿಂದ, ಒಂದೂ ಬಿಡದೆ. ಕಡೆಯ ಕೋಟು ಗಟ್ಟಿಯಾದ ಮೇಲೆ, ಅತಿ ನಯದ ಕಾಗದದಲ್ಲಿ ನೀರು ಹಾಕಿ ಉಜ್ಜಿ, ಪಾಲಿಶಿನ ಮುದ್ದೆಯನ್ನು ಫ್ಲಾನೆಲ್ಲಿನಲ್ಲಿ ತಿಕ್ಕಿ, ಮಂಕಾದ ಟ್ಯಾಂಕಿಯ ಒಳಗಿನಿಂದ ಬೆಳಕು ಎದ್ದು ಬರುವುದನ್ನು ನಾನು ಒರಳಿನ ಮೇಲೆ ಕೂತು ನೋಡಿದೆ. ಕೊನೆಗೆ ಅಳಿಲು ಬಾಲದ ಕೂದಲಿನ ಉದ್ದ ಬ್ರಷ್ಷಿನಲ್ಲಿ ಟ್ಯಾಂಕಿಯ ಎರಡೂ ಬದಿಗೆ ಒಂದೊಂದು ಚಿನ್ನದ ಗೆರೆ. ಗೆರೆ ಮುಗಿಯುವ ತನಕ ಅವರು ಉಸಿರಾಡಲಿಲ್ಲ, ನಾನೂ ಆಡಲಿಲ್ಲ.

ಹೇಳಿದ ದಿನ ಧಣಿಗಳು ಬಂದರು. ಸೈಕಲ್ಲನ್ನು ಅಂಗಳದ ಬಿಸಿಲಿಗೆ ತಂದು ನಿಲ್ಲಿಸಿದ್ದರು. ಧಣಿಗಳು ಬಾಗಿದರು. ಟ್ಯಾಂಕಿಯಲ್ಲಿ ಆಕಾಶ, ನಮ್ಮ ಹಲಸಿನ ಮರ, ಹೆಂಚಿನ ಮಾಡು, ನಡುವೆ ಒಂದು ಮೀಸೆ. ಅದನ್ನು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ತಿರುಗಿಸಿ ನೋಡಿಕೊಂಡರು. ಬಿಳಿಯಾದ ಒಂದು ಕೂದಲನ್ನು ಅಲ್ಲೇ ಕಂಡುಹಿಡಿದು ಕಿತ್ತರು. ಆಮೇಲೆ ಬಸ್ಸುಗಳ ಮಾತು ತೆಗೆದರು: ಮೊದಲು ಯಾವುದು, ಯಾವ ಬಣ್ಣ, ಎಲ್ಲಿ ನಿಲ್ಲಿಸುವುದು. ಪೈಂಟರು ಕೈಕಟ್ಟಿ ಕೇಳುತ್ತಿದ್ದರು. ಹೊತ್ತು ಮಧ್ಯಾಹ್ನ ದಾಟಿತ್ತು.

ಗದ್ದೆಯ ಆಚೆಯಿಂದ ಒಂದು ಕೂಗು ಬಂತು. ನಾನು ಮೊದಲು ಯಾರೆಂದು ಗುರುತಿಸಲಿಲ್ಲ. ಅಷ್ಟು ದೊಡ್ಡ ದನಿ ಆ ಮನೆಯಿಂದ ಬಂದದ್ದೇ ಇರಲಿಲ್ಲ.

"ಹ್ವಾಯ್! ಎಷ್ಟ್ ಸರ್ತಿ ಕರೀಕ್ ನಿಮ್ಮನ್ನ? ಗಂಜಿ ತಣ್ದ್ ಕಲ್ಲಾಯ್ತ್! ನಾ ಉಂಡಾಯ್ತ್, ಬೇಕಾರೆ ಬಡ್ಸ್ಕಂಡ್ ಉಣ್ಣಿ. ಆ ಥಿನ್ನರ್ ವಾಸ್ನಿ ಕೈ ತೊಳೀದೆ ಒಳ್ಗ್ ಬಂದ್ರೆ ಕಾಣಿ ಮತ್ತೆ!"

ಅತ್ತೆ ಮೂಗಿನ ಮೇಲೆ ಬೆರಳಿಟ್ಟರು. ಧಣಿಗಳು ಮಾತಿನ ನಡುವೆ ನಿಂತರು. ಪೈಂಟರು ಅವರ ಮುಖವನ್ನೂ ನೋಡದೆ, ಬೈರಾಸನ್ನು ಹೆಗಲಿಗೆ ಎಸೆದುಕೊಂಡು, ಹಲ್ಲು ಪೂರಾ ಕಾಣುವ ಹಾಗೆ ನಗುತ್ತ, ಆಗಲೇ ಗದ್ದೆಯ ಅಂಚಿಗೆ ಕಾಲಿಟ್ಟಿದ್ದರು.

"ಬತ್ತೆ ಧಣಿ" ಎಂದರು. "ಮನಿಯಂಗ್ ಬೈತಿದ್ಲ್."